ಕೆಂಪು ದೀಪವನ್ನು ನಂಬಿದ ನಮ್ಮ ಭಾವ

ನನ್ನ ಅಕ್ಕನ ಗಂಡನನ್ನು ನಮ್ಮ ಬೀದಿಯವರು ಸೃಷ್ಟಿಕರ್ತರೆಂದು ಕರೆಯುತ್ತಾರೆ. ದೇವರ ಮಾತನ್ನು ನಾಲ್ಕು ಜನಕ್ಕೆ ತಿಳಿಹೇಳುವುದರಲ್ಲೇ ತಲೆ ನರೆತ ನನಗೆ ಈ ಬಿರುದನ್ನು ಕೇಳಿದಾಗಲೆಲ್ಲ ಕಿವಿ ಮುಚ್ಚಿಕೊಳ್ಳಬೇಕೆನಿಸುತ್ತದೆ. ಭಾವನವರು ಮಾತ್ರ ಅದನ್ನು ಬೇಡವೆಂದು ಒಮ್ಮೆಯೂ ಹೇಳಿದವರಲ್ಲ. ಬೀದಿಯ ತಿರುವಿನಲ್ಲಿ ಕಾಗದಗಳ ನಕಲು ತೆಗೆದುಕೊಡುವ ಅಂಗಡಿ ಅವರದು. ಜೀವಮಾನವೆಲ್ಲ ಮತ್ತೊಬ್ಬರ ಬರಹದ ನಕಲು ತೆಗೆದ ಮನುಷ್ಯನಿಗೆ ಸ್ವಂತದ್ದೊಂದನ್ನು ಹುಟ್ಟಿಸಬೇಕೆಂಬ ಹಸಿವಿದ್ದರೆ ತಪ್ಪಲ್ಲ. ಆ ಹಸಿವನ್ನು ಕೊಟ್ಟವನೂ ಭಗವಂತನೇ. ಅದಕ್ಕೆ ಬೇಕಾದ ವಿವೇಕವನ್ನು ಮಾತ್ರ ಆತ ಅಕ್ಕನ ಬಳಿ ಇರಿಸಿದ.

ಅಕ್ಕ ಮರದ ಹಲಗೆಗಳ ಮೇಲೆ ಅಕ್ಷರ ಕೆತ್ತುವವಳು. ಮನೆಗಳ ಹೆಸರು, ವೈದ್ಯರ ಹೆಸರು, ಶಾಲೆಗಳ ಹೆಸರು, ಎಲ್ಲವೂ ಅವಳ ಉಳಿಯ ತುದಿಯಿಂದ ಇಳಿದು ಬಂದವು. ಕಳೆದ ವರ್ಷ ಅವಳ ಬಲಗೈಯ ಮಣಿಕಟ್ಟು ಊದಿಕೊಂಡಿತು. ಉಳಿ ಹಿಡಿಯುವುದನ್ನು ಬಿಡದಿದ್ದರೆ ಮುಂದೆ ಚಮಚ ಹಿಡಿಯುವುದೂ ಕಷ್ಟವಾದೀತೆಂದು ವೈದ್ಯರು ಎಚ್ಚರಿಸಿದರು. ಕೆಲಸ ಬಿಟ್ಟರೆ ಅಕ್ಕ ಅರ್ಧ ಜೀವವಾಗುತ್ತಾಳೆಂದು ನಮಗೆಲ್ಲ ಗೊತ್ತಿತ್ತು. ಆಗ ಭಾವನವರು ಎದೆಯುಬ್ಬಿಸಿ, ಕಂಪ್ಯೂಟರಿನ ಅಪ್ಪಣೆಯಂತೆ ತಾನೇ ಮರ ಕೆತ್ತುವ ಸಿಎನ್‌ಸಿ ಯಂತ್ರವನ್ನು ಮನೆಯಲ್ಲೇ ಕಟ್ಟಿಕೊಡುವೆನೆಂದು ಮಾತು ಕೊಟ್ಟರು. ಪ್ರೀತಿಯಿಂದಲೇ ಕೊಟ್ಟರು, ಅದನ್ನು ನಾನು ಯಾರೆದುರಿಗೂ ಹೇಳಬಲ್ಲೆ.

ಯಂತ್ರದ ಮೈ ಬೇಗನೆ ಸಿದ್ಧವಾಯಿತು. ತಡವಾದದ್ದು ಅದನ್ನು ಆಳುವ ಪೆಟ್ಟಿಗೆ. ಪೆಟ್ಟಿಗೆಯ ಮುಖಕ್ಕೆ ಅವರು ಮಾಡಿದ ಶೃಂಗಾರವನ್ನು ಏನೆಂದು ಬಣ್ಣಿಸಲಿ! ಸಾಲು ಸಾಲಾಗಿ ಸ್ವಿಚ್ಚುಗಳು, ಒಂದೊಂದರ ನೆತ್ತಿಯ ಮೇಲೂ ಓಡುತ್ತಿದೆ ಎನ್ನಲು ಒಂದು ಹಸಿರು ದೀಪ, ನಿಂತಿದೆ ಎನ್ನಲು ಒಂದು ಕೆಂಪು ದೀಪ. ನಡುವೆ ಅಣಬೆಯಂತೆ ಉಬ್ಬಿ ನಿಂತ ಕೆಂಪು ತುರ್ತುಗುಂಡಿ. ಒಳಗೆ ಯಾರು ಇಣುಕುತ್ತಾರೆಂದು ಅಲ್ಲಿ ಮಾತ್ರ ಬೆಂಕಿಪೊಟ್ಟಣದಷ್ಟು ಚಿಕ್ಕ, ಅಗ್ಗದ ರಿಲೇಗಳನ್ನು ಕೂರಿಸಿದರು. ರಿಲೇ ಎಂದರೆ ಬಾಗಿಲು ಕಾಯುವ ಆಳೆಂದು ತಿಳಿಯಿರಿ. ಸ್ವಿಚ್ಚು ಸಣ್ಣ ದನಿಯಲ್ಲಿ ಹೇಳುತ್ತದೆ. ಆಳು ದೊಡ್ಡ ವಿದ್ಯುತ್ತಿಗೆ ಬಾಗಿಲು ತೆರೆಯುತ್ತಾನೆ, ಮುಚ್ಚುತ್ತಾನೆ. ಮೋಟಾರು ಹೊರಡುವ ಗಳಿಗೆಯಲ್ಲಿ ವಿದ್ಯುತ್ತು ನುಗ್ಗಿ ಬರುತ್ತದೆ. ಆಳು ಬಡಕಲಾದರೆ ಒಳಗಿನ ಲೋಹದ ತುದಿಗಳು ಕಾದು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ; ಆಮೇಲೆ ಎಷ್ಟು ಬೇಡಿಕೊಂಡರೂ ಬಾಗಿಲು ಮುಚ್ಚದು.

ಇದಕ್ಕಿಂತ ದೊಡ್ಡ ಪ್ರಮಾದ ದೀಪಗಳದು. ಅವುಗಳ ತಂತಿಯನ್ನು ಮೋಟಾರಿನ ಕಡೆಯಿಂದ ತರಬೇಕಿತ್ತು. ಅಂದವಾಗಿ ಕಾಣಲೆಂದು ಭಾವನವರು ಸ್ವಿಚ್ಚಿನ ಬೆನ್ನಿನಿಂದಲೇ ಎಳೆದುಕೊಂಡರು. ಹೀಗಾಗಿ ಯಂತ್ರ ಏನು ಮಾಡುತ್ತಿದೆಯೆಂದು ದೀಪಕ್ಕೆ ತಿಳಿಯದು. ಭಾವನವರ ಅಪ್ಪಣೆ ಏನೆಂದಷ್ಟೇ ಅದಕ್ಕೆ ಗೊತ್ತು. ನಮ್ಮ ಪ್ರಾರ್ಥನೆಯ ಕೂಟದಲ್ಲೂ ಇಂಥ ದೀಪಗಳಿಗೆ ಬರವಿಲ್ಲ. ಕೋಪವನ್ನು ತ್ಯಜಿಸಿದೆನೆಂದು ಎದ್ದು ನಿಂತು ಸಾರಿದವರ ಮುಖದಲ್ಲಿ ಶಾಂತಿ ಬೆಳಗುತ್ತಿರುತ್ತದೆ; ಒಳಗೆ ಮೋಟಾರು ಭರ್ರೆಂದು ತಿರುಗುತ್ತಲೇ ಇರುತ್ತದೆ.

ಹಲಗೆ ಇಡುವ ಮೊದಲು ಯಂತ್ರ ನಿಲ್ಲುತ್ತದೋ ಇಲ್ಲವೋ ಒಮ್ಮೆ ನೋಡಿಬಿಡಿ ಎಂದು ಅಕ್ಕ ಕೇಳಿಕೊಂಡಳು. ಭಾವನವರಿಗೆ ಅದು ಅವಮಾನವಾಗಿ ತೋರಿತು.

“ಮೊದಲು ಹೊರಡಲಿ ಬಿಡೇ. ನಿಲ್ಲೋದಕ್ಕೇನು ಮಹಾ ವಿದ್ಯೆ ಬೇಕು?” ಎಂದರು.

ಲೋಕವನ್ನು ಸೃಷ್ಟಿಸಿದಾತನೂ ಕೆಲಸದ ಕೊನೆಗೆ ವಿಶ್ರಮಿಸಿದನೆಂದು ನಂಬುವವನು ನಾನು. ನಮ್ಮ ಮನೆಯ ಸೃಷ್ಟಿಕರ್ತರ ಯೋಜನೆಯಲ್ಲಿ ಆ ಭಾಗವೇ ಬಿಟ್ಟುಹೋಗಿತ್ತು.

ರಜೆಯ ದಿನ ಬೆಳಿಗ್ಗೆ ಪ್ರದರ್ಶನ ನಡೆಯಿತು. ಹಿಂಬದಿಯ ಕೋಣೆಯಲ್ಲಿ ನೆರೆಹೊರೆಯವರು ಗೋಡೆಗೆ ಒತ್ತಿಕೊಂಡು ನಿಂತರು. ಶಾಲೆಯೊಂದಕ್ಕೆ ಕೆತ್ತಬೇಕಾಗಿದ್ದ ಹಲಗೆಯನ್ನು ಅಕ್ಕ ಒಲ್ಲದ ಮನಸ್ಸಿನಿಂದ ಕೊಟ್ಟು ಬಾಗಿಲ ಬಳಿ ನಿಂತಳು. ಹಸಿರು ದೀಪ ಹತ್ತಿತು, ಮೋಟಾರಿನ ತುದಿಯ ಉಳಿ ತಿರುಗಿತು, ಧೂಳು ಹೀರುವ ಕೊಳವೆ ಊಳಿಟ್ಟಿತು, ಅಕ್ಷರಗಳು ಮುತ್ತಿನಂತೆ ಮೂಡಿದವು. ಪಕ್ಕದ ಮನೆಯ ದರ್ಜಿ, ಸೃಷ್ಟಿಕರ್ತರಿಗಿಂತ ಅವರ ಸೃಷ್ಟಿಯ ಕೈಬರಹವೇ ವಾಸಿ ಎಂದು ಚಟಾಕಿ ಹಾರಿಸಿದ. ಭಾವನವರು ಉಬ್ಬಿಹೋದರು. ಒಂದೇ ಬೆರಳಲ್ಲಿ ಹೇಗೆ ನಿಲ್ಲಿಸುತ್ತೇನೆ ನೋಡಿ ಎಂದು ತುರ್ತುಗುಂಡಿಯನ್ನು ಒತ್ತಿದರು.

ಉಳಿಯನ್ನು ಅತ್ತಿತ್ತ ಒಯ್ಯುತ್ತಿದ್ದ ಯಂತ್ರದ ತೋಳು ನಿಂತಿತು. ಕೆಂಪು ದೀಪ ಹತ್ತಿತು. ಎಲ್ಲರೂ ದೀಪವನ್ನು ನೋಡಿ ಚಪ್ಪಾಳೆ ತಟ್ಟಿದರು. ಆದರೆ ಉಳಿಯ ಮೋಟಾರಿನ ರಿಲೇ ಬೆಸೆದುಕೊಂಡಿತ್ತು. ಉಳಿ ನಿಂತಲ್ಲೇ ತಿರುಗುತ್ತಿತ್ತು. ಅತಿವೇಗದಲ್ಲಿ ತಿರುಗುವ ತೆಳು ಉಳಿ ನೋಡುವವರಿಗೆ ನಿಂತಂತೆಯೇ ಕಾಣುತ್ತದೆ. ಬೇರೆ ಸ್ವಿಚ್ಚಿನಿಂದ ಓಡುತ್ತಿದ್ದ ಕೊಳವೆ ಅದರ ಸದ್ದನ್ನು ಮುಚ್ಚಿ, ಎದ್ದ ಹೊಗೆಯನ್ನೂ ನುಂಗಿತು. ಭಾವನವರು ಅಕ್ಷರದ ನುಣುಪು ತೋರಿಸಲೆಂದು ಬೆರಳು ಚಾಚಿದರು.

ಬಾಗಿಲ ಬಳಿಯಿದ್ದ ಅಕ್ಕನ ಮೂಗಿಗೆ ಸುಟ್ಟ ಮರದ ವಾಸನೆ ಬಡಿಯಿತು. ಊದಿಕೊಂಡ ಕೈಯಿಂದಲೇ ಗಂಡನ ಅಂಗಿಯ ಕೊರಳಪಟ್ಟಿ ಹಿಡಿದು ಹಿಂದಕ್ಕೆ ಜಗ್ಗಿದಳು. ಅಂಗಿಯ ಗುಂಡಿಗಳು ಕಿತ್ತು ಚೆಲ್ಲಿದವು.

“ಕೆಂಪು ಹತ್ತಿದೆಯಲ್ಲೇ,” ಎಂದರು ಭಾವನವರು, ನೆಲದ ಮೇಲೆ ಕುಳಿತಲ್ಲಿಂದಲೇ.

“ದೀಪಕ್ಕೇನು ಗೊತ್ತು ರೀ, ಅದಿನ್ನೂ ತಿರುಗ್ತಾನೇ ಇದೆ.”

ಅವಳು ಗೋಡೆಯಿಂದ ಎರಡು ಪ್ಲಗ್ಗುಗಳನ್ನೂ ಕಿತ್ತಳು. ಕೊಳವೆಯ ಊಳು ಅಡಗಿದ ಮೇಲೆ, ಕೊನೆಯ ಸುತ್ತುಗಳನ್ನು ಹಾಕುತ್ತಿದ್ದ ಉಳಿಯ ಕೀರಲು ದನಿ ಎಲ್ಲರಿಗೂ ಕೇಳಿಸಿತು. ಶಾಲೆಯ ಹೆಸರಿನ ನಡುವೆ ಕರಿಯ ತೂತು. ಇಷ್ಟಾದರೂ ದರ್ಜಿ ಮನೆಗೆ ಹೋಗುವಾಗ, ಏನೇ ಹೇಳಿ, ಕೆಂಪಂತೂ ಸರಿಯಾಗಿ ಹತ್ತಿತ್ತು ಎಂದು ಎಲ್ಲರಿಗೂ ಸಮಾಧಾನ ಹೇಳಿದ.

ಭಾವನವರು ಯಂತ್ರವನ್ನು ಗುಜರಿಗೆ ಹಾಕುವ ಮಾತಾಡಿದರು. ಅಕ್ಕ ಒಪ್ಪಲಿಲ್ಲ. ಅವಳ ಕೈಯ ನೋವು ಪ್ರದರ್ಶನ ನೋಡಿ ಮಾಯವಾಗಿರಲಿಲ್ಲವಷ್ಟೆ.

“ನನ್ನ ಕೆಲಸ ಇದಕ್ಕೇ ಕೊಡ್ತೀನಿ. ಆದ್ರೆ ಮೊದಲು ಇದಕ್ಕೆ ನಿಲ್ಲೋದನ್ನ ಕಲಿಸಿ,” ಎಂದಳು.

ಸೃಷ್ಟಿಕರ್ತರು ಪೆಟ್ಟಿಗೆ ಬಿಚ್ಚಿದರು. ಬಡಕಲು ರಿಲೇಯ ಜಾಗದಲ್ಲಿ, ಮೋಟಾರಿನ ನೂಕನ್ನು ತಡೆಯಬಲ್ಲ ಕಾಂಟ್ಯಾಕ್ಟರ್ ಎಂಬ ಗಟ್ಟಿ ಆಳನ್ನು ತಂದು ಕೂರಿಸಿದರು. ತುರ್ತುಗುಂಡಿ ಒತ್ತಿದರೆ ಮಾತ್ರವಲ್ಲ, ಅದರ ತಂತಿ ತುಂಡಾದರೂ ಮೋಟಾರಿನ ವಿದ್ಯುತ್ತು ಕಡಿದುಹೋಗುವಂತೆ ಕಟ್ಟಿದರು. ದೀಪಗಳನ್ನೆಲ್ಲ ಕಿತ್ತು, ಒಂದೇ ಒಂದನ್ನು ಉಳಿಸಿಕೊಂಡು ಅದರ ತಂತಿಯನ್ನು ಮೋಟಾರಿನ ಬಾಯಿಂದಲೇ ಎಳೆದರು. ಆ ದೀಪ ಅವರ ಮುಖ ನೋಡಿ ಮಾತಾಡುತ್ತಿರಲಿಲ್ಲ. ತಪ್ಪು ಜೋಡಣೆಯಾಗಿ ಮೋಟಾರಿಗೆ ವಿದ್ಯುತ್ತು ಹರಿಯುತ್ತಲೇ ಇದ್ದಾಗಲೆಲ್ಲ ನಿರ್ದಾಕ್ಷಿಣ್ಯವಾಗಿ ಉರಿಯುತ್ತಿತ್ತು. ಹಲಗೆಯೇ ಇಲ್ಲದ ಯಂತ್ರವನ್ನು ವಾರಗಟ್ಟಲೆ ಹೊರಡಿಸುವುದು, ನಿಲ್ಲಿಸುವುದು, ಇಷ್ಟೇ ಅವರ ಸಾಧನೆಯಾಯಿತು. ಬೀದಿ ನಕ್ಕಿತು. ನನಗೆ ಮಾತ್ರ ಆ ದಿನಗಳಲ್ಲಿ ಭಾವನವರ ಮೇಲೆ ಎಂದೂ ಇಲ್ಲದ ಗೌರವ ಹುಟ್ಟಿತು.

ಒಂದು ಬೆಳಿಗ್ಗೆ ಅಕ್ಕ ಬಂದು, ಕೊಳವೆಯ ಸದ್ದು ಅಡಗಿಸಿ, ತಿರುಗುವ ಮೋಟಾರಿನೆದುರು ನಿಂತು ತಾನೇ ಕೆಂಪು ಗುಂಡಿ ಒತ್ತಿದಳು. ದೀಪ ಆರಿತು. ಅವಳು ದೀಪದ ಕಡೆ ನೋಡಲಿಲ್ಲ. ಸದ್ದು ಪೂರ್ತಿ ಸಾಯುವ ತನಕ ಕಿವಿಗೊಟ್ಟು ನಿಂತಳು. ಆಮೇಲೆ ಶಾಲೆಯ ಹೊಸ ಹಲಗೆಯನ್ನು ತಂದು ಬಿಗಿದಳು. ಭಾವನವರು ಪೆಟ್ಟಿಗೆಯ ಹತ್ತಿರ ಸರಿದರು.

“ನೀವು ಆ ಕಡೆ ನಿಲ್ರೀ,” ಎಂದಳು ಅಕ್ಕ. “ಗುಂಡಿ ನನ್ನ ಕೈಯಲ್ಲಿರ್ಲಿ.”

ಭಾವನವರು ಆ ಕಡೆ ಹೋಗಿ ನಿಂತರು.