ರಾಚಪ್ಪಣ್ಣನ ಕಿವಿ ಮತ್ತು ಕರೆಂಟಿನ ಮೀಟರು

ರಾಚಪ್ಪಣ್ಣ ಮಾತು ಕೇಳುವಾಗ ಎದುರಿನವರ ಬಾಯನ್ನೇ ನೋಡುತ್ತಿದ್ದರು. ಮಾತು ಮುಗಿದ ಮೇಲೂ ಸ್ವಲ್ಪ ಹೊತ್ತು ನೋಡಿ, ಆಮೇಲೆ ತಲೆಯಾಡಿಸುತ್ತಿದ್ದರು. ಆ ತಲೆಯಾಟ ಹೌದೋ, ಅಲ್ಲವೋ, ಕೇಳಿಸಲೇ ಇಲ್ಲವೋ ಎಂಬುದು ಪಕ್ಕದ ಮನೆಯಲ್ಲಿ ಇಷ್ಟು ವರ್ಷ ಇದ್ದ ನನಗೂ ತಿಳಿಯುತ್ತಿರಲಿಲ್ಲ.

ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಾರ್ಟಳ್ಳಿಗೆ ಹೋಗುವ ಖಾಸಗಿ ಬಸ್ಸನ್ನು ಓಡಿಸಿ ಸವೆದ ಜೀವ ಅದು. ಇಂಜಿನ್ನು ಎಡಕ್ಕಿತ್ತು, ಎಡಗಿವಿ ಮೊದಲು ಹೋಯಿತು. ಬಲಗಿವಿಯೂ ಹಿಂದೆಯೇ ಹೊರಟಿತು. ತಾವು ಓಡಿಸಿದ ಯಾವ ಬಸ್ಸಿನಲ್ಲೂ ಒಂದು ಮೀಟರೂ ನೆಟ್ಟಗಿರಲಿಲ್ಲ ಎನ್ನುತ್ತಿದ್ದರು. "ಸ್ಪೀಡಿನ ಮುಳ್ಳು ಒಂದ್ಕಡೆ ಮಲಗಿರದು, ಡೀಸೆಲ್ ಮುಳ್ಳು ಇನ್ನೊಂದ್ಕಡೆ. ಅವ ನಂಬ್ಕಂಡು ಬಸ್ ಓಡ್ಸಕಾದದಾ ಮೇಷ್ಟ್ರೇ? ಎಲ್ಲಾನೂ ಕಿವೀಲೇ ನೋಡ್ತಿದ್ದೆ."

ಅಂಥ ಕಿವಿಗೆ ಮೈಸೂರಿನಿಂದ ಕೇಳುವ ಮಿಷನ್ ಬಂತು, ಕಿವಿಗೊಂದರಂತೆ ಎರಡು. ಕಡಲೆಬೀಜದಷ್ಟಿದ್ದ ಅವೆರಡನ್ನೂ ಸಂಜೆ ಒಂದು ಪುಟ್ಟ ಡಬ್ಬಿಯಲ್ಲಿಟ್ಟು ಚಾರ್ಜಿಗೆ ಹಾಕಬೇಕು. ಗೋಡೆಯ ಪ್ಲಗ್ಗಿನಲ್ಲಿ ಹಿಂದೊಮ್ಮೆ ರೇಡಿಯೋ ಸುಟ್ಟುಹೋಗಿದ್ದರಿಂದ ರಾಚಪ್ಪಣ್ಣನಿಗೆ ಅದರ ಮೇಲೆ ನಂಬಿಕೆಯಿರಲಿಲ್ಲ. ಸುಟ್ಟರೆ ಅದೇ ಸುಡಲಿ ಎಂದು ಹಗಲು ಪವರ್ ಬ್ಯಾಂಕನ್ನು ಪ್ಲಗ್ಗಿಗೆ ಹಾಕಿ ತುಂಬಿಸಿ, ರಾತ್ರಿ ಡಬ್ಬಿಯನ್ನು ಅದಕ್ಕೆ ಸಿಕ್ಕಿಸಿ ಮಲಗುತ್ತಿದ್ದರು. ಮೊದಮೊದಲು ಎಲ್ಲ ಸರಿಯಿತ್ತು. ಆ ಪವರ್ ಬ್ಯಾಂಕು ಕೆಟ್ಟು ಹೊಸದು ತಂದ ಮೇಲೆ ಮಿಷನ್ನು ಮಧ್ಯಾಹ್ನಕ್ಕೇ ಸಾಯತೊಡಗಿತು.

ಮಿಷನ್ನು ಹಾಗೆ ಸತ್ತ ಒಂದು ಮಧ್ಯಾಹ್ನ, ಮಾರ್ಕೆಟ್ ರಸ್ತೆಯಲ್ಲಿ ಹಿಂದಿನಿಂದ ಬಂದ ಲಾರಿಯ ಹಾರ್ನು ಇವರಿಗೆ ಕೇಳಲಿಲ್ಲ. ಯಾರೋ ಅಂಗಿಯ ಕಾಲರು ಹಿಡಿದು ಎಳೆದುಹಾಕಿದರು. ಅಂಗಿ ಹರಿಯಿತು, ಜೀವ ಉಳಿಯಿತು. ಅಂದಿನಿಂದ ಅವರ ಹೆಂಡತಿ ಗೌರಮ್ಮ ಗಂಡನನ್ನು ಒಬ್ಬರನ್ನೇ ಹೊರಗೆ ಬಿಡಲಿಲ್ಲ. ಕ್ಷೌರದಂಗಡಿಗೂ ಕೈ ಹಿಡಿದು ಕರೆದೊಯ್ದು, ಹೊರಗೆ ಕಾದು ನಿಲ್ಲುತ್ತಿದ್ದರು.

"ಇಷ್ಟ್ ಜನ್ವ ಗಾಡೀಲಿ ಕೂರಿಸ್ಕಂಡು ಕಾಡ್ ದಾಟಿಸ್ದೋನು," ಎಂದರು ರಾಚಪ್ಪಣ್ಣ. "ಈಗ ನನ್ನ ರೋಡ್ ದಾಟಿಸ್ತಾಳೆ." ಹೇಳಿ ನೆಲ ನೋಡಿದರು.

ಮೈಸೂರಿನ ಅಂಗಡಿಯವರು ಮಿಷನ್ ಸರಿಯಾಗಿದೆ, ನೀವೇ ಸರಿಯಾಗಿ ಚಾರ್ಜ್ ಮಾಡುತ್ತಿಲ್ಲ ಎಂದು ವಾಪಸು ಕಳಿಸಿದರು. ಆಗ ರಾಚಪ್ಪಣ್ಣ ನನ್ನ ಬಳಿ ಬಂದರು. ನಾನು ಕೊಳ್ಳೇಗಾಲದಿಂದ ದಿನಾ ಬಸ್ಸಿನಲ್ಲಿ ಹೋಗಿ ಯಳಂದೂರಿನ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುವವನು. ಕರೆಂಟಿನ ವಿಷಯದಲ್ಲಿ ನನಗೆ ಗೊತ್ತಿದ್ದುದು ಸ್ವಿಚ್ಚು ಹಾಕುವುದು ಮಾತ್ರ. ಆದರೂ ಮೇಷ್ಟ್ರು ಎಂದ ಮೇಲೆ ಇಲ್ಲವೆನ್ನಲಾಗದೆ, ಮೊಬೈಲ್ ರಿಪೇರಿಯವನನ್ನು ಕೇಳಿ ಹೆಬ್ಬೆರಳಿನಷ್ಟುದ್ದದ ಒಂದು ಯುಎಸ್‌ಬಿ ಮೀಟರ್ ತಂದೆ. ನಡುವೆ ಸಿಕ್ಕಿಸಿದರೆ ಎಷ್ಟು ವೋಲ್ಟೇಜು, ಎಷ್ಟು ಕರೆಂಟು ಹೋಗುತ್ತಿದೆ ಎಂದು ಅದೇ ತೋರಿಸುತ್ತದೆ ಎಂದಿದ್ದ.

ಅದನ್ನು ಹೊತ್ತಿಸುವುದೇ ನಮಗೆ ತಿಳಿಯಲಿಲ್ಲ. ರಾಚಪ್ಪಣ್ಣ ಸೆಲ್ಲು ಹಾಕುವ ಜಾಗ ಹುಡುಕಿದರು. ನಾನು ಡಬ್ಬಿಯ ತುದಿಗೆ ಸಿಕ್ಕಿಸಿ ಕಾದೆ. ಕೊನೆಗೆ ಅದರ ಮೂತಿಯನ್ನು ಪವರ್ ಬ್ಯಾಂಕಿಗೂ ಡಬ್ಬಿಯ ಕೇಬಲನ್ನು ಅದರ ಹಿಂಭಾಗಕ್ಕೂ ಹಾಕಿದಾಗ ನೀಲಿ ಅಕ್ಷರ ಮೂಡಿತು. ಮೇಲೆ ಐದು ಚಿಲ್ಲರೆ, ಕೆಳಗೆ ಸೊನ್ನೆ, ಚುಕ್ಕಿ, ಸೊನ್ನೆ, ಆರು.

"ಅಯ್ದು ಯಾರ್ದು, ಸೊನ್ನೆ ಯಾರ್ದು?" ಎಂದು ಕೇಳಿದರು.

"ಐದು ಪವರ್ ಬ್ಯಾಂಕು ಕೊಡುವ ಜೋರು. ಕೆಳಗಿನದು ಡಬ್ಬಿ ಎಳೆದುಕೊಳ್ಳುತ್ತಿರೋದು," ಎಂದು ಕೂಗಿ ಹೇಳಿದೆ. ಹೇಳಿದ್ದು ಸರಿಯೋ ಎಂದು ನನಗೇ ಅನುಮಾನ.

ಅವರು ಬಗ್ಗಿ ನೋಡುತ್ತಿದ್ದಂತೆ ಮೀಟರು ಕತ್ತಲಾಯಿತು. ಬಿಚ್ಚಿ ಹಾಕಿದೆವು, ಹತ್ತಿತು. ಸ್ವಲ್ಪ ಹೊತ್ತಿಗೆ ಮತ್ತೆ ಕತ್ತಲು. ಕೇಬಲ್ ಬದಲಿಸಿದರೂ ಅದೇ ಕಥೆ. ಡಬ್ಬಿಯ ಬದಲು ನನ್ನ ಫೋನು ಹಾಕಿದರೆ ಮಾತ್ರ ಕೆಳಗಿನ ಅಂಕಿ ಒಂದೂವರೆಗೆ ಹಾರಿ ಅಲ್ಲೇ ನಿಂತಿತು, ಆರಲೇ ಇಲ್ಲ. ಹಾಗಾದರೆ ಪವರ್ ಬ್ಯಾಂಕು ಸರಿ. ಮೈಸೂರಿನವರ ಪ್ರಕಾರ ಡಬ್ಬಿಯೂ ಸರಿ. ಎರಡೂ ಸರಿಯಿದ್ದು ಜೊತೆಗೆ ಹಾಕಿದರೆ ಯಾಕೆ ಸಾಯುತ್ತವೆ? ಮೀಟರಿನ ಗುಂಡಿ ಒತ್ತಿ ಉತ್ತರ ಹುಡುಕಹೋದೆ. ಅಕ್ಷರಗಳೆಲ್ಲ ತಲೆಕೆಳಗಾದವು. ರಾಚಪ್ಪಣ್ಣ ತಾವೂ ಕತ್ತು ವಾಲಿಸಿ ನೋಡಿ, "ಇದೂ ನಮ್ ಬಸ್ಸಿನ್ ಜಾತೀದೇ ಕಣೇಳಿ" ಎಂದು ಎದ್ದುಹೋದರು.

ಆ ವಾರವೇ ಒಂದು ಸಂಜೆ ಬೀದಿಯಲ್ಲಿ ಕರೆಂಟು ಹೋಯಿತು. ಸೊಪ್ಪು ಸೋಸಲು ಬೆಳಕಿಲ್ಲವೆಂದು ಗೌರಮ್ಮ, ಡಬ್ಬಿ ಸಿಕ್ಕಿಸಿದ್ದ ಪವರ್ ಬ್ಯಾಂಕಿನ ಇನ್ನೊಂದು ತೂತಿಗೆ ಒಂದು ಪುಟ್ಟ ಲೈಟು ಹಾಕಿ, ತೆಗೆಯುವುದನ್ನು ಮರೆತು ಮಲಗಿದ್ದಾರೆ. ಮರುದಿನ ಸಂಜೆ ರಾಚಪ್ಪಣ್ಣ ನಮ್ಮ ಬಾಗಿಲಲ್ಲಿ ನಿಂತಿದ್ದರು.

"ಏನಾಯ್ತೋ ಗೊತ್ತಿಲ್ಲ ಮೇಷ್ಟ್ರೇ. ಇವತ್ತು ಇನ್ನೂ ಕೇಳ್ತಾ ಅದೆ."

ಮತ್ತೆ ಮೀಟರು ಹಾಕಿ ಕೂತೆವು. ಲೈಟು ಜೊತೆಗಿದ್ದರೆ ಆ ಸಣ್ಣ ಅಂಕಿ ಉರಿಯುತ್ತಲೇ ಇತ್ತು. ಲೈಟು ಕಿತ್ತರೆ ಕತ್ತಲು. ರಿಪೇರಿಯವನು ಕೇಳಿ ನಕ್ಕ. ಕೆಲವು ಪವರ್ ಬ್ಯಾಂಕುಗಳು ಎಳೆತ ತೀರಾ ಕಮ್ಮಿಯಿದ್ದರೆ ಯಾರೂ ಇಲ್ಲವೆಂದುಕೊಂಡು ತಾವೇ ಆಫ್ ಆಗುತ್ತವಂತೆ. ಲೈಟಿನ ಎಳೆತವೂ ಸೇರಿದರೆ ಎಚ್ಚರವಾಗಿರುತ್ತವಂತೆ.

ಅದನ್ನು ಹೇಳಿದಾಗ ರಾಚಪ್ಪಣ್ಣನಿಗೆ ಬೇಸರವೇ ಆಯಿತು. "ಕಮ್ಮಿ ಉಣ್ಣೋರ ಮುಂದಿಂದ ಎಲೆ ಎತ್ತಾಕ್ಬುಡದಾ? ಇದ್ಯಾವ ನ್ಯಾಯ?"

ಲೈಟು ಕಾಯಂ ಆಯಿತು. ಸ್ವಲ್ಪ ದಿನದ ಮೇಲೆ ಯಳಂದೂರಿನ ನಮ್ಮ ಸ್ಕೂಲಿನ ಗೇಟಿನ ಹತ್ತಿರ ಯಾರೋ ಕಾಯುತ್ತಿದ್ದಾರೆಂದು ಜವಾನ ಬಂದು ಹೇಳಿದ. ಹೋಗಿ ನೋಡಿದರೆ ರಾಚಪ್ಪಣ್ಣ. ಗಾಬರಿಯಿಂದ ಏನಾಯಿತೆಂದು ಕೇಳಿದೆ. "ಏನೂ ಇಲ್ಲ. ಒಬ್ನೇ ಬಂದೆ," ಎಂದರು. ಟೀ ಕುಡಿದು, ರಸ್ತೆಯ ಎರಡೂ ಕಡೆ ನೋಡಿ ದಾಟಿ, ಮುಂದಿನ ಬಸ್ಸಿಗೆ ವಾಪಸು ಹೋದರು.

ಕೊನೆಯ ಸಲ ಕಂಡದ್ದು ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ. ಗೌರಮ್ಮನ ಅಕ್ಕನ ಮನೆಗೆಂದು ಇಬ್ಬರೂ ಮಾರ್ಟಳ್ಳಿಯ ಬಸ್ಸು ಹತ್ತಿದ್ದರು. ಅಲ್ಲಿ ರಾಚಪ್ಪಣ್ಣ ಜ್ವರ ಹಿಡಿದು ತೀರಿಕೊಂಡರು, ತಿರುಗಿ ಬರಲಿಲ್ಲ. ಅಂದು ಅದು ನನಗೆ ತಿಳಿಯುವಂತಿರಲಿಲ್ಲ. ಕಿಟಕಿಯ ಕೆಳಗೆ ನಿಂತು, ಯಾವಾಗ ಬರ್ತೀರಿ ಎಂದು ಎಂದಿನಂತೆ ಕೂಗಿದೆ. ಅಕ್ಕಪಕ್ಕದವರು ತಿರುಗಿ ನೋಡಿದರು.

ರಾಚಪ್ಪಣ್ಣ ನನ್ನ ಬಾಯಿ ನೋಡಲಿಲ್ಲ, ಕಣ್ಣು ನೋಡಿದರು. "ಮೆತ್ತಗೇಳಿ ಮೇಷ್ಟ್ರೇ. ಕೇಳ್ತದೆ."

ಮೆತ್ತಗೆ ಹೇಳುವಂಥದ್ದು ಆ ಗಳಿಗೆಯಲ್ಲಿ ನನಗೆ ಏನೂ ಹೊಳೆಯಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡೆ. ಬಸ್ಸು ಹೊರಟಿತು.