ಬ್ಯಾಲಟ್‌ಗೆ ಇಸ್ತ್ರಿ ಹಾಕಿದ ಹಿರೇಮಠ ಅಂಕಲ್

ಮನೆಗೆ ಬಂದ ಬ್ಯಾಲಟ್ ಪೇಪರಿಗೆ ಇಸ್ತ್ರಿ ಹಾಕಿದ ಮನುಷ್ಯರನ್ನು ನಾನು ನೋಡಿದ್ದು ಒಬ್ಬರನ್ನೇ. ಅವರು ಕ್ಯಾಲಿಫೋರ್ನಿಯದ ಟೊರೆನ್ಸ್‌ನಲ್ಲಿ ನಮ್ಮ ಮನೆಯಿಂದ ನಾಲ್ಕನೇ ಮನೆಯ ಹಿರೇಮಠ ಅಂಕಲ್. ಇಲ್ಲಿ ಬ್ಯಾಲಟ್ ಅಂಚೆಯಲ್ಲಿ ಮಡಚಿಕೊಂಡು ಬರುತ್ತದೆ. ಆ ಮಡಿಕೆಯಿಂದ ಎಣಿಸುವ ಮಷೀನಿಗೆ ತೊಂದರೆಯಾದರೆ ಏನು ಗತಿ ಎಂದು ಅವರು ಊಟದ ಟೇಬಲ್ ಮೇಲೆ ಟವೆಲ್ ಹಾಸಿ, ಬ್ಯಾಲಟ್ ಮೇಲೆ ತೆಳುವಾದ ಪಂಚೆ ಹೊದಿಸಿ, ಇಸ್ತ್ರಿಪೆಟ್ಟಿಗೆಯನ್ನು ಸಣ್ಣ ಬಿಸಿಯಲ್ಲಿಟ್ಟು ಎಡಗೈಯಲ್ಲಿ ಒತ್ತುತ್ತಿದ್ದರು. ಹುಳಿ ಕೊಡಲು ಹೋದವಳು ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತೆ. ಇದನ್ನು ಮತ್ತೆ ಮಡಚಿಯೇ ಕವರಿಗೆ ಹಾಕಬೇಕಲ್ಲ ಅಂಕಲ್ ಎಂದೆ. “ಹಂಗಾದ್ರ ಉಂಡ ತಾಟು ಯಾಕ ತೊಳೀತಿ? ಮತ್ತ ಅದರಾಗ ಉಣ್ಣೂದೈತಲ್ಲ” ಎಂದರು. ಅವರ ಜೊತೆ ವಾದ ಮಾಡಿ ಗೆದ್ದವರು ಅವರ ಹೆಂಡತಿ ನೀಲಾ ಆಂಟಿ ಒಬ್ಬರೇ. ಆಂಟಿ ಕೋವಿಡ್ ವರ್ಷದಲ್ಲಿ ತೀರಿಕೊಂಡಿದ್ದರು.

ಅಂಕಲ್ ಗದಗಿನವರು. ಎತ್ತರದ ಆಳು, ಮನೆಯಲ್ಲಿದ್ದರೂ ಇನ್‌ಶರ್ಟ್, ಜೇಬಿನಲ್ಲಿ ನೀಲಿ ಪೆನ್ನು ಒಂದು, ಕೆಂಪು ಪೆನ್ನು ಒಂದು. ವಿಮಾನದ ಬಿಡಿಭಾಗ ಮಾಡುವ ಕಂಪನಿಯಲ್ಲಿ ಇಂಜಿನಿಯರ್ ಆಗಿ ರಿಟೈರ್ ಆಗಿದ್ದರು. ಆದರೆ ಆ ನೌಕರಿಯ ಬಗ್ಗೆ ಅವರು ಮಾತಾಡಿದ್ದು ನಾನು ಕೇಳಿದ್ದು ಕಡಿಮೆ. ಅವರ ಮಾತೆಲ್ಲ ಅಮೆರಿಕಕ್ಕೆ ಬರುವ ಮೊದಲು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಹೇಳುತ್ತಿದ್ದ ನಾಲ್ಕು ವರ್ಷದ ಬಗ್ಗೆ, ಅದರಲ್ಲೂ ಆಗ ಎರಡು ಸಲ ಬಿದ್ದ ಎಲೆಕ್ಷನ್ ಡ್ಯೂಟಿಯ ಬಗ್ಗೆ. ಮತಪೆಟ್ಟಿಗೆಗೆ ಅರಗಿನ ಮುದ್ರೆ ಹಾಕಿದ್ದು, ಶಾಲೆಯ ಬೆಂಚಿನ ಮೇಲೆ ಪೆಟ್ಟಿಗೆ ತಬ್ಬಿಕೊಂಡು ಮಲಗಿದ್ದು, ಲಾರಿಯಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಹೋಗಿದ್ದು, ಇವನ್ನೆಲ್ಲ ನಾನು ಮನೆಗೊಂದು ಅಡುಗೆ ತಂದು ಉಣ್ಣುವ ಎಷ್ಟು ಪಾಟ್‌ಲಕ್‌ಗಳಲ್ಲಿ ಕೇಳಿದ್ದೇನೋ ದೇವರಿಗೇ ಗೊತ್ತು.

ಅದರಲ್ಲಿ ಒಂದು ಕತೆ ಎಲ್ಲರಿಗೂ ಬಾಯಿಪಾಠವಾಗಿತ್ತು. ಯಾವುದೋ ಹಳ್ಳಿಯ ಮತಗಟ್ಟೆಗೆ ಒಬ್ಬ ಮುದುಕಿ ಬಂದಳು. ಸಹಿ ಬರುವುದಿಲ್ಲ, ಹೆಬ್ಬೆಟ್ಟು ಒತ್ತಬೇಕು. ದುಡಿದು ದುಡಿದು ಬೆರಳು ಎಷ್ಟು ಸವೆದಿತ್ತೆಂದರೆ ಕಾಗದದ ಮೇಲೆ ಬರೀ ಮಸಿ ಮೆತ್ತುತ್ತಿತ್ತು, ಗೆರೆ ಮೂಡುತ್ತಿರಲಿಲ್ಲ. ಮಾಸ್ತರ, ನನ್ನ ಬೆರಳ ಸವದ ಹೋಗೈತಿ, ಬಿಡ್ರಿ ಎಂದು ಆಕೆ ಹೊರಟೇ ಬಿಟ್ಟಳಂತೆ. ಅಂಕಲ್ ಬಿಡಲಿಲ್ಲ. ಬೆರಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ತಾವೇ ಹಿಡಿದು ಒತ್ತಿಸಿ, ಮೂರನೇ ಸಲಕ್ಕೆ ಗುರುತು ಮೂಡಿಸಿದರಂತೆ. ಈ ಕತೆ ಹೇಳುವಾಗ ಎದುರಿಗೆ ಕೂತವರ ಹೆಬ್ಬೆರಳನ್ನು ಹಿಡಿದು ಟೇಬಲ್ಲಿಗೆ ಒತ್ತಿ ತೋರಿಸುತ್ತಿದ್ದರು. ನನ್ನ ಬೆರಳು ಬೇಕಾದಷ್ಟು ಸಲ ಒತ್ತಿಸಿಕೊಂಡಿದೆ.

ಇಷ್ಟಾಗಿಯೂ ಅವರು ಅಲ್ಲಿಯವರೆಗೆ ಇಲ್ಲಿ ಒಂದು ವೋಟೂ ಹಾಕಿರಲಿಲ್ಲ. ನಲವತ್ತು ವರ್ಷ ಗ್ರೀನ್ ಕಾರ್ಡಿನಲ್ಲೇ ಇದ್ದರು. ಭಾರತದ ಪಾಸ್‌ಪೋರ್ಟ್ ಬಿಡಲು ಮನಸ್ಸಿರಲಿಲ್ಲ. ಎರಡು ಸಾವಿರದ ಇಪ್ಪತ್ತರ ನವೆಂಬರಿನಲ್ಲಿ ಟಿವಿಯವರು ದಿನಗಟ್ಟಲೆ ಅಧ್ಯಕ್ಷ ಚುನಾವಣೆಯ ಎಣಿಕೆ ತೋರಿಸಿದರಲ್ಲ, ಆಗ ಅವರಿಗೆ ಏನೋ ಆಯಿತು. ಒಳಗೆ ಹೆಂಗಸರು ಕೂತು ಕವರು ಬಿಡಿಸುತ್ತಿದ್ದಾರೆ, ಹೊರಗೆ ಜನ ನಿಂತು ಕೂಗುತ್ತಿದ್ದಾರೆ. “ಎಣಿಸೋರನ್ನ ಕಳ್ಳರು ಅಂತಾರಲ್ಲ ಶೈಲಾ. ಎಣಿಸಾಕ ಕುಂತೋರಿಗೆ ಊಟ ಇರೂದಿಲ್ಲ, ನೀರು ಇರೂದಿಲ್ಲ. ನಾ ಕುಂತೀನಿ, ನನಗೊತ್ತೈತಿ” ಎಂದರು. ಮರುವಾರವೇ ಸಿಟಿಜನ್‌ಶಿಪ್ಪಿಗೆ ಅಪ್ಲೈ ಮಾಡಿದರು. ಎಪ್ಪತ್ತಾರನೇ ವಯಸ್ಸಿನಲ್ಲಿ ಪ್ರಮಾಣ ಮಾಡಿ ಬಂದರು. ಎರಡು ಸಾವಿರದ ಇಪ್ಪತ್ತೆರಡರ ಜೂನ್ ತಿಂಗಳ ಪ್ರೈಮರಿ, ಅಂದರೆ ನವೆಂಬರಿನ ಚುನಾವಣೆಗೆ ಮೊದಲಿನ ಸುತ್ತು, ಅವರ ಮೊದಲ ವೋಟು.

ಅಲ್ಲಿಂದ ನಮ್ಮ ಕಷ್ಟ ಶುರುವಾಯಿತು. ಆ ವರ್ಷ ಇಡೀ ಕ್ಯಾಲಿಫೋರ್ನಿಯದ ಚುನಾವಣೆಗಳನ್ನು ನಡೆಸುವ ಮುಖ್ಯಸ್ಥರನ್ನು ಆರಿಸಬೇಕಿತ್ತು. ಆ ಹುದ್ದೆಯ ಹೆಸರು ಸೆಕ್ರೆಟರಿ ಆಫ್ ಸ್ಟೇಟ್. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅರ್ಧ ಜನಕ್ಕೆ ಅದು ವಿದೇಶಾಂಗ ಮಂತ್ರಿಯ ಹುದ್ದೆ ಎಂಬ ಭ್ರಮೆ, ಇನ್ನರ್ಧಕ್ಕೆ ಅಂಥದ್ದೊಂದು ಇದೆ ಎಂಬುದೇ ಗೊತ್ತಿಲ್ಲ. ಗವರ್ನರ್ ಸಾಲಿಗೆ ಶಾಯಿ ತುಂಬಿ, ಕೆಳಗಿನದನ್ನೆಲ್ಲ ಖಾಲಿ ಬಿಟ್ಟು ಕಳಿಸುವುದು ನಮ್ಮವರ ಪದ್ಧತಿ. ಅಂಕಲ್‌ಗೆ ಇದು ತಿಳಿದದ್ದೇ ತಪ್ಪಾಯಿತು. ಗವರ್ನರ್ ಯಾರಾದರೇನು, ಎಣಿಸುವವರ ಹಿರಿಯ ಯಾರು ಎನ್ನುವುದು ಮುಖ್ಯ ಎಂದು ಸುತ್ತಲಿನ ವಾಲ್‌ನಟ್ ಊರಿನಿಂದ ಬರ್ಬ್ಯಾಂಕ್ ಊರಿನವರೆಗೆ ಒಂದು ಕನ್ನಡದ ಮನೆ ಬಿಡದೆ ಫೋನ್ ಮಾಡತೊಡಗಿದರು. ಕಣದಲ್ಲಿ ಬಹಳ ಜನ ಇದ್ದರು, ನವೆಂಬರಿಗೆ ಹೋಗುವವರು ಮೊದಲ ಇಬ್ಬರೇ. ಎರಡನೇ ಜಾಗಕ್ಕೆ ಭಾರಿ ಪೈಪೋಟಿ, ಒಂದೊಂದು ವೋಟೂ ಬೇಕು ಎಂದು ಅವರ ವಾದ.

ಸರಿ, ಯಾರಿಗೆ ಹಾಕಬೇಕು ಹೇಳಿ, ಹಾಕಿ ಬಿಸಾಕುತ್ತೇವೆ ಎಂದರೆ ಅದನ್ನು ಮಾತ್ರ ಹೇಳುವುದಿಲ್ಲ! “ಗುಪ್ತ ಮತದಾನ ಅಂದ್ರ ಗುಪ್ತನ. ನಾ ಊರಾಗ ನೀಲಾಗೂ ಹೇಳ್ತಿರಲಿಲ್ಲ” ಎನ್ನುವರು. ಸರ್ಕಾರ ಕಳಿಸಿದ ಪುಸ್ತಕ ಓದಬೇಕಂತೆ, ಒಬ್ಬೊಬ್ಬರೂ ಏನು ಹೇಳಿದ್ದಾರೆ ನೋಡಬೇಕಂತೆ, ಕೆಂಪು ಪೆನ್ನಿನಲ್ಲಿ ಗೆರೆ ಹಾಕಬೇಕಂತೆ. ನನಗೆ ದಿನ ಬಿಟ್ಟು ದಿನ ಫೋನ್. ಆಫೀಸಿನ ಮೀಟಿಂಗಿನಲ್ಲಿದ್ದರೂ ಫೋನ್, ಫ್ರೀವೇಯಲ್ಲಿದ್ದರೂ ಫೋನ್. ಓದಿದಿಲ್ಲೋ, ಎಷ್ಟನೇ ಪುಟದಾಗಿದ್ದಿ? ಬಿ.ಇ. ಪರೀಕ್ಷೆಗೂ ನನ್ನನ್ನು ಯಾರೂ ಹೀಗೆ ಕಾಡಿರಲಿಲ್ಲ. ಒಂದು ದಿನ ನನ್ನ ಗಂಡ ಅವರ ನಂಬರ್ ನೋಡಿ ಫೋನನ್ನು ಕುಷನ್ ಕೆಳಗೆ ತಳ್ಳಿದರು. ಅದು ಅಲ್ಲೇ ಹತ್ತು ನಿಮಿಷ ಗುಂಯ್‌ಗುಡುತ್ತಿತ್ತು.

ಇಸ್ತ್ರಿ ಹಾಕಿದ ಬ್ಯಾಲಟನ್ನು ಅವರು ಲೈಬ್ರರಿ ಮುಂದಿನ ಡ್ರಾಪ್ ಬಾಕ್ಸಿಗೆ ಹಾಕಿದರು. ಫೋಟೋ ತೆಗೆಯಲು ನಾನೇ ಹೋಗಬೇಕಾಯಿತು. ಅದಾದ ಮುಂದಿನ ವಾರ ಬಾತ್‌ರೂಮಿನಲ್ಲಿ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಮಗಳು ಸವಿತಾ ಬಂದು ಸ್ಯಾನ್ ಡಿಯೇಗೋದ ತನ್ನ ಮನೆಗೆ ಕರೆದುಕೊಂಡು ಹೋದಳು. ಗಿಡಕ್ಕೆ ನೀರು ಹಾಕುವುದು, ಅಂಚೆ ತೆಗೆದಿಡುವುದು ನನ್ನ ಪಾಲಿಗೆ ಬಂತು. ಚುನಾವಣೆ ಮುಗಿದು ಒಂದೆರಡು ವಾರ ಕಳೆದ ಮೇಲೆ ಅವರ ಅಂಚೆ ಡಬ್ಬಿಯಲ್ಲಿ ವೋಟು ಎಣಿಸುವ ಕೌಂಟಿ ಕಚೇರಿಯ ಕವರು ಸಿಕ್ಕಿತು. ಬ್ಯಾಲಟ್ ಕಳಿಸಿದ ಕವರಿನ ಮೇಲಿನ ನಿಮ್ಮ ಸಹಿ ನಮ್ಮಲ್ಲಿರುವ ಸಹಿಗೆ ಹೊಂದುತ್ತಿಲ್ಲ, ಜೊತೆಗಿರುವ ಫಾರ್ಮಿಗೆ ಸಹಿ ಹಾಕಿ ಕಳಿಸಿ, ಗಡುವಿನ ಒಳಗೆ ಬರದಿದ್ದರೆ ವೋಟು ಎಣಿಸಲಾಗುವುದಿಲ್ಲ ಎಂದು ಬರೆದಿತ್ತು. ಗಡುವಿಗೆ ಮೂರೇ ದಿನ ಉಳಿದಿತ್ತು.

ಅಂಕಲ್‌ಗೆ ಫೋನ್ ಮಾಡಿ ಹೇಳಿದೆ. ಫಾರ್ಮಿನ ಫೋಟೋ ಕಳಿಸುತ್ತೇನೆ, ಸವಿತಾ ಪ್ರಿಂಟ್ ತೆಗೆದು ಸಹಿ ಹಾಕಿಸಿ ಸ್ಕ್ಯಾನ್ ಮಾಡಿ ಕಳಿಸಲಿ, ಹಾಗೂ ನಡೆಯುತ್ತದೆ ಎಂದು ಅದರಲ್ಲೇ ಬರೆದಿದೆ ಎಂದೆ. ಅದು ನಡೆಯಂಗಿಲ್ಲ, ಅಸಲಿ ಕಾಗದವೇ ಬೇಕು ಎಂದರು. ಸವಿತಾ ಫೋನ್ ಕಸಿದುಕೊಂಡು ಅಳುವ ದನಿಯಲ್ಲಿ ಕ್ಷಮೆ ಕೇಳಿದಳು, ಮನೆಯಿಂದಲೇ ಕೆಲಸ ಮಾಡುತ್ತಿದ್ದರೂ ಅವಳಿಗೆ ರಜೆ ಸಿಗುವಂತಿರಲಿಲ್ಲ. ಕೊನೆಗೆ ರಜೆ ಹಾಕಿದ್ದು ನಾನು. ಶುಕ್ರವಾರದ ಬೆಳಗಿನ ಟ್ರಾಫಿಕ್ಕಿನಲ್ಲಿ ಒಂದು ಕಾಗದವನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ದಾರಿಯುದ್ದಕ್ಕೂ ಅಂಕಲ್‌ಗೆ ಮನಸ್ಸಿನಲ್ಲೇ ಬೈದುಕೊಳ್ಳುತ್ತ, ಮೂರೂವರೆ ಗಂಟೆ ಡ್ರೈವ್ ಮಾಡಿ ಸವಿತಾಳ ಮನೆಯಿರುವ ಮೀರಾ ಮೆಸಾ ತಲುಪಿದೆ.

ಹೋಗಿ ನೋಡಿದರೆ ಅಂಕಲ್ ಇನ್‌ಶರ್ಟ್ ಮಾಡಿಕೊಂಡು ಟೇಬಲ್ಲಿಗೆ ಕೂತಿದ್ದರು. ಮುಂದೆ ಹಳೆಯ ಕಾಗದಗಳ ರಾಶಿ, ಎಲ್ಲದರ ಮೇಲೂ ಸಹಿ. ಬೆಳಿಗ್ಗೆಯಿಂದ ಅಭ್ಯಾಸ ಮಾಡುತ್ತಿದ್ದಾರೆ ಎಂದು ಸವಿತಾ ಕಿವಿಯಲ್ಲಿ ಹೇಳಿದಳು. ಅವರ ಸಹಿ ನನಗೆ ಗೊತ್ತು, ಊರಗಲದ ಎಚ್, ಕೆಳಗೆ ಸ್ಕೇಲ್ ಇಟ್ಟು ಎಳೆದಂಥ ಗೆರೆ. ಈ ಕಾಗದಗಳ ಮೇಲೆ ಅದು ಎಲ್ಲೂ ಇರಲಿಲ್ಲ. ಅಕ್ಷರಗಳು ನಡುಗಿ ಒಡೆದಿದ್ದವು. ಒಂದು ವರ್ಷದಿಂದ ಅವರ ಬಲಗೈ ನಡುಗುತ್ತಿತ್ತಂತೆ, ಮಗಳಿಗೂ ಗೊತ್ತಾದದ್ದು ಅವರು ಬಿದ್ದ ಮೇಲೇ. ಆ ಕೈಯನ್ನು ಅವರು ಯಾವಾಗಲೂ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡಿರುತ್ತಿದ್ದರು. ಅದನ್ನು ನಾನು ಠೀವಿ ಅಂದುಕೊಂಡಿದ್ದೆ.

ಫಾರ್ಮಿನ ಹಿಂದೆ ಓದಿದೆ. ಸಹಿ ಹಾಕಲು ಆಗದವರು ಒಂದು ಗುರುತು ಹಾಕಿದರೂ ಸಾಕು, ಪಕ್ಕದಲ್ಲಿ ಒಬ್ಬರು ಸಾಕ್ಷಿ ಸಹಿ ಹಾಕಬೇಕು. ಒಂದು ಗೆರೆ ಎಳೆಯಿರಿ ಅಂಕಲ್, ಸಾಕ್ಷಿ ನಾನು ಹಾಕುತ್ತೇನೆ ಎಂದೆ. ಅವರು ಪೆನ್ನು ಕೆಳಗಿಟ್ಟರು.

“ಹೆಬ್ಬೆಟ್ಟು ಒತ್ತು ಅಂತೀಯೇನು ನನಗ?”

ಹೆಬ್ಬೆಟ್ಟಲ್ಲ, ಬರೀ ಗೆರೆ ಎಂದೆ. ಎರಡೂ ಒಂದೇ ಎಂದರು. ತಮ್ಮ ಅವ್ವನಿಗೆ ಸಗಣಿ ಸಾರಿಸಿದ ನೆಲದ ಮೇಲೆ ಸುಣ್ಣದ ಕಡ್ಡಿಯಲ್ಲಿ ಸಹಿ ಕಲಿಸಿದವರು ತಾವು, ಇಡೀ ಮನೆತನದಲ್ಲಿ ಇನ್ನು ಯಾರೂ ಹೆಬ್ಬೆಟ್ಟು ಆಗಬಾರದು ಎಂದು ಓದಿದವರು ತಾವು, ಈಗ ಇಲ್ಲಿ ಬಂದು ಅಕ್ಷರ ಬಾರದವರ ಹಾಗೆ ಗೆರೆ ಎಳೆಯಬೇಕೆ ಎಂದು ದನಿ ಏರಿಸಿದರು. ವೋಟು ಹೋದರೆ ಹೋಗಲಿ, ಕಾಗದ ಹರಿದು ಹಾಕು ಎಂದರು. ಸವಿತಾ ಬೇಡಿಕೊಂಡಳು. ನನಗೆ ಬೆಳಗಿನಿಂದ ಕಟ್ಟಿಕೊಂಡಿದ್ದ ಸಿಟ್ಟೆಲ್ಲ ಒಮ್ಮೆಗೇ ಬಂತು.

“ಅಂಕಲ್, ಆ ಹಳ್ಳಿ ಅಜ್ಜಿ ಬಂದಿದ್ರಲ್ಲ, ಬೆರಳು ಸವೆದಿದ್ದವರು. ಅವರ ವೋಟು ಎಣಿಸಿದ್ರಾ, ಇಲ್ವಾ?”

“ಎಣಿಸಿದ್ವಿ.”

“ಆಗ ಅವರಿಗೆ ಹೋಗಿ ಅಂದಿದ್ದರೆ?”

ಅವರು ನನ್ನ ಕಡೆ ತಿರುಗದೆ ಎಡಗೈಯಿಂದ ಬಲಗೈ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡು, ಪೆನ್ನೆತ್ತಿ, ಫಾರ್ಮಿನ ಮೇಲೆ ಒಂದು ಗೆರೆ ಎಳೆದರು. ಗೆರೆ ಸೊಟ್ಟಗೆ ಹೋಯಿತು. ಎಳೆದು ಮುಗಿದ ಮೇಲೆ ಅವರ ಕಣ್ಣಲ್ಲಿ ನೀರಿತ್ತು. ಸವಿತಾ ಅಡುಗೆಮನೆಗೆ ಹೋಗಿಬಿಟ್ಟಳು. ನಾನು ಸಹಿ ಹಾಕಲು ಬಗ್ಗಿದರೆ ಅಷ್ಟರಲ್ಲಿ ಅಂಕಲ್ ಒಳಗಿನ ಹಳೆಯ ಮತಗಟ್ಟೆಯ ಅಧಿಕಾರಿ ವಾಪಸ್ ಬಂದಿದ್ದರು. ಹೆಸರು ಪೂರ್ತಿ ಬರಿ, ಗೆರೆಯ ಹೊರಗೆ ಹೋಗಬ್ಯಾಡ, ತಾರೀಖು ಹಾಕು ಎಂದು ಮೇಲೆ ನಿಂತು ಬರೆಸಿದರು. ಸ್ಕ್ಯಾನ್ ಮಾತು ಎತ್ತಿದರೆ ಕೈ ಅಡ್ಡ ಹಿಡಿದರು. ವಾಪಸ್ ಹೋಗುವ ದಾರಿಯಲ್ಲಿ ನಮ್ಮ ಕೌಂಟಿ ಕಚೇರಿಗೆ ನಾನೇ ಒಯ್ದು ಕೊಡಬೇಕು, ತೆಗೆದುಕೊಂಡವರ ಮುಖ ನೋಡಿ ಬರಬೇಕು ಎಂದು ಅಪ್ಪಣೆಯಾಯಿತು.

ಹೊರಡುವಾಗ ವಾಕರ್ ಹಿಡಿದುಕೊಂಡು ಬಾಗಿಲವರೆಗೆ ಬಂದರು.

“ಶೈಲಾ, ನೀ ಹಾಕಿದಿಲ್ಲೋ? ಆ ಎಣಿಸೋರ ಹುದ್ದೆಗೆ?”

“ಹಾಕಿದೆ ಅಂಕಲ್.”

ಯಾರಿಗೆ ಎಂದು ಕೇಳಲಿಲ್ಲ, ಕೇಳುವವರೂ ಅಲ್ಲ. “ಶಾಣ್ಯಾಕಿ” ಎಂದು ನಡುಗುವ ಕೈಯನ್ನೇ ನನ್ನ ತಲೆಯ ಮೇಲಿಟ್ಟರು. ನಾನು ಅವರನ್ನು ನೋಡಿದ್ದು ಅದೇ ಕೊನೆ.

ಕಚೇರಿ ಮುಚ್ಚುವ ಸ್ವಲ್ಪ ಮೊದಲು ತಲುಪಿ ಕಾಗದ ಕೊಟ್ಟೆ. ಮುಂದಿನ ವಾರ ಅವರ ವೋಟು ಎಣಿಕೆಯಾಯಿತು ಎಂದು ಅವರ ಫೋನಿಗೆ ಮೆಸೇಜ್ ಬಂತು. ಅದನ್ನು ಅವರು ನಮ್ಮ ವಾಟ್ಸಾಪ್ ಗುಂಪಿಗೆ ನಾಲ್ಕು ಸಲ ಕಳಿಸಿದರು. ಅವರು ವೋಟು ಹಾಕಿದ ಮನುಷ್ಯ ನವೆಂಬರಿಗೆ ಹೋದನೋ ಇಲ್ಲವೋ ಎಂಬುದು ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಸೆಪ್ಟೆಂಬರಿನಲ್ಲಿ ಅಂಕಲ್ ತೀರಿಕೊಂಡರು. ನಾನು ಊರಿಗೆ ಹೋಗಿದ್ದೆ, ಮುಖ ನೋಡಲು ಆಗಲಿಲ್ಲ.

ನಾನು ಆ ಎಣಿಸುವವರ ಹುದ್ದೆಯ ಸಾಲಿಗೆ ವೋಟು ಹಾಕಿರಲಿಲ್ಲ. ಮರೆತದ್ದೂ ಅಲ್ಲ. ಮೇ ತಿಂಗಳಲ್ಲಿ ಒಂದು ದಿನ ಅವರು ಮೂರು ಸಲ ಫೋನ್ ಮಾಡಿದ್ದರು. ರೋಸಿಹೋಗಿ, ಅವರು ಹೇಳಿದ್ದನ್ನು ಮಾಡಬಾರದೆಂದೇ ಆ ಸಾಲೊಂದನ್ನು ಖಾಲಿ ಬಿಟ್ಟು ಉಳಿದದ್ದೆಲ್ಲ ತುಂಬಿ ಕಳಿಸಿದ್ದೆ. ಅವರ ಒಂದು ವೋಟಿಗೆ ಇನ್ನೂರು ಮೈಲಿಗೂ ಹೆಚ್ಚು ಡ್ರೈವ್ ಮಾಡಿದವಳು, ಅವರು ಆ ಗೆರೆ ಎಳೆದದ್ದನ್ನು ಕಣ್ಣಾರೆ ಕಂಡವಳು, ಬಾಗಿಲಲ್ಲಿ ನಿಂತು ಅವರ ಮುಖಕ್ಕೇ ಸುಳ್ಳು ಹೇಳಿದೆ. ನಿಜ ಹೇಳಿದ್ದರೆ ಬೈಯುತ್ತಿದ್ದರು, ಟೊರೆನ್ಸ್ ಮುಟ್ಟುವವರೆಗೂ ಫೋನ್ ಮಾಡಿ ಮಾಡಿ ಬೈಯುತ್ತಿದ್ದರು. ಹೇಳಬೇಕಿತ್ತು. ಅವರು ನನ್ನನ್ನು ನಂಬಿ ಒಳಗೆ ಹೋದರು.