ಜಲಜತ್ತೆಯ ಮುಂದಿನ ಸೀಟು

ಜಲಜತ್ತೆ ಯಾವ ವಾಹನದಲ್ಲೂ ಹಿಂದಿನ ಸೀಟಿನಲ್ಲಿ ಕೂತವರಲ್ಲ. ಇಲ್ಲಿ ಕೆನಡಾದ ಪೋರ್ಟ್ ಕ್ರೆಡಿಟ್ಟಿನಲ್ಲಿ ನಮ್ಮ ತುಳುವರ ಪಿಕ್‌ನಿಕ್ಕು ಮುಗಿದು ಯಾರಾದರೂ ಮನೆಗೆ ಬಿಡುತ್ತೇನೆಂದರೆ, ಮುಂದೆ ಕೂತ ಗಂಡಸು ಎಷ್ಟೇ ದೊಡ್ಡ ಮನುಷ್ಯನಾಗಿರಲಿ, ಅವನ ಬಾಗಿಲು ತೆರೆದು ನಿಂತುಬಿಡುವರು. "ನೀವು ಸ್ವಲ್ಪ ಹಿಂದೆ ಹೋಗಿ. ನಂಗೆ ಹಿಂದೆ ಕೂತ್ರೆ ದಾರಿ ಕಾಣುದಿಲ್ಲ. ದಾರಿ ಕಾಣದೆ ನಾನು ಎಲ್ಲಿಗೂ ಬರುದಿಲ್ಲ." ಅವನು ಗೊಣಗುತ್ತ ಹಿಂದೆ ಹೋಗುತ್ತಿದ್ದ.

ಅವರು ನನ್ನ ಅಪ್ಪನ ತಂಗಿ. ಉಡುಪಿ ಕಡೆಯಿಂದ ಮಿಸಿಸಾಗ ನಗರಕ್ಕೆ ಬಂದು, ಗಂಡ ತೀರಿದ ಮೇಲೆ ವಿಮಾನಗಳಿಗೆ ಊಟ ಕಟ್ಟುವ ಅಡುಗೆಮನೆಯಲ್ಲಿ ಶಿಫ್ಟು ಮಾಡಿ ಮಗ ಪ್ರಸಾದನನ್ನು ಸಾಕಿದವರು. ಹಿಮ ಸುರಿಯಲಿ, ಬಿಡಲಿ, ತಮ್ಮ ನೀಲಿ ಕಾರಿನಲ್ಲೇ ಓಡಾಟ. ಎಪ್ಪತ್ತು ದಾಟಿದ ಮೇಲೆ ಒಮ್ಮೆ ಪಾರ್ಕಿಂಗಿನ ಕಂಬಕ್ಕೆ ಕಾರು ತಾಗಿಸಿದರು ನೋಡಿ, ಪ್ರಸಾದನಿಗೆ ಅಷ್ಟೇ ಸಾಕಾಯಿತು. "ಅಮ್ಮ, ಕೀ ಕೊಡು. ನಾವಿದ್ದೇವಲ್ಲ" ಎಂದು ದಿನಾ ಅದೇ ರಾಗ. ಅವನು ಇರುವ ಚೆಂದ ನನಗೆ ಗೊತ್ತಿತ್ತು. ಕೀ ಕೊಟ್ಟರೆ ಅತ್ತೆ ಒಂದು ಕಟ್ಟು ಕೊತ್ತಂಬರಿಗೂ ಇವನ ರಜೆಯ ಶನಿವಾರಕ್ಕೆ ಕಾಯಬೇಕು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆ ಚಳಿಗಾಲ ನಾವೆಲ್ಲ ಉತ್ತರದ ಗುಡ್ಡಗಳಿಗೆ ಹಿಮದ ಮೇಲೆ ಓಡುವ ಬೈಕಿನಂಥ ಸ್ನೋಮೊಬೈಲು ಓಡಿಸಲು ಹೋದೆವು. ಪ್ರಸಾದ ಅಮ್ಮನಿಗೆ ತನ್ನ ಬೆನ್ನ ಹಿಂದಿನ ಸೀಟನ್ನೇ ಬುಕ್ ಮಾಡಿದ್ದ. ಅತ್ತೆ ಬೂಟು ಹಾಕಿಕೊಳ್ಳುತ್ತಲೇ, "ನಾನು ಬೇರೆಯೇ ಓಡಿಸ್ತೇನೆ. ಲೈಸೆನ್ಸು ಉಂಟಲ್ಲ" ಎಂದರು. ಗೈಡ್ ಹೆಂಗಸು ಲೈಸೆನ್ಸು ನೋಡಿ ಆಗಬಹುದೆಂದು ತಲೆಯಾಡಿಸಿದಳು. ಪ್ರಸಾದನ ಮುಖ ಊದಿಕೊಂಡಿತು.

"ಸರಿ. ಎಲ್ಲಾದ್ರೂ ಒಮ್ಮೆ ಹಿಮದಲ್ಲಿ ಹೂತುಹೋದ್ರೆ ಮನೆಗೆ ಹೋದ ಕೂಡ್ಲೆ ಕಾರಿನ ಕೀ ಕೊಡ್ಬೇಕು."

"ಹೂತುಹೋಗದಿದ್ರೆ ಮತ್ತೆ ಆ ಮಾತು ಎತ್ತಬಾರದು ನೀನು."

ಇನ್ನೊಂದು ಸಂಗತಿ ಹೇಳಬೇಕು. ತೆಂಗಿನೆಣ್ಣೆ ಹಚ್ಚದೆ ಅತ್ತೆ ಹೊಸ್ತಿಲು ದಾಟುವವರಲ್ಲ. ಅಂದೂ ಧಾರಾಳವಾಗಿ ಹಚ್ಚಿದ್ದರು. ಹೆಲ್ಮೆಟ್ಟಿನಿಂದ ಹೊರಗೆ ಜೋತ ಜಡೆ ಆ ಚಳಿಗೆ ಗಟ್ಟಿಯಾಗಿ ಕೋಲಿನ ಹಾಗೆ ನೆಟ್ಟಗಾಯಿತು. "ಅಜ್ಜಿ, ಯುವರ್ ಹೇರ್ ಈಸ್ ಫ್ರೋಝನ್" ಎಂದು ಮೊಮ್ಮಗಳು ಅನಿಕಾ ನಕ್ಕಳು. "ಆಗ್ಲಿ. ಓಡಿಸುದು ಜಡೆ ಅಲ್ಲ" ಎಂದು ಅತ್ತೆ ಎಂಜಿನ್ ಶುರು ಮಾಡಿದರು.

ಗೈಡಿನ ಹಿಂದೆ ಪ್ರಸಾದ, ಅವನ ಹಿಂದೆ ಅತ್ತೆ, ಕೊನೆಗೆ ನಾನು ಮತ್ತು ಅನಿಕಾ. ಅಮ್ಮ ಯಾವಾಗ ಹೂತುಹೋಗುತ್ತಾಳೆಂದು ನೋಡಲು ಪ್ರಸಾದ ಮತ್ತೆ ಮತ್ತೆ ಹಿಂದೆ ತಿರುಗುತ್ತಿದ್ದ. ದಾರಿ ಪೈನ್ ಮರಗಳ ನಡುವೆ ಎಡಕ್ಕೆ ಹೊರಳಿತು. ಅವನು ಹೊರಳಲಿಲ್ಲ. ಮೆತ್ತನೆಯ ಹಿಮಕ್ಕೆ ನುಗ್ಗಿ ಸೊಂಟದವರೆಗೆ ಹೂತುಹೋದ. ಏಟೇನೂ ಆಗಲಿಲ್ಲ, ಗಾಡಿ ಮಾತ್ರ ಅಲ್ಲಾಡಲಿಲ್ಲ.

ಅತ್ತೆ ಮೆಲ್ಲಗೆ ಪಕ್ಕಕ್ಕೆ ತಂದು ನಿಲ್ಲಿಸಿ ಹೆಲ್ಮೆಟ್ಟಿನ ಗಾಜು ಎತ್ತಿದರು. "ಮುಂದೆ ನೋಡಿ ಓಡಿಸ್ಬೇಕು ಮಾರಾಯ. ನನ್ನನ್ನು ಎಂತ ನೋಡುದು?" ಗೈಡು ಅವನ ಗಾಡಿಯನ್ನು ಆಮೇಲೆ ಎಳೆಸುತ್ತೇನೆಂದಳು. ಪ್ರಸಾದ ಅಮ್ಮನ ಸೊಂಟ ಹಿಡಿದು ಹಿಂದಿನ ಸೀಟಿನಲ್ಲಿ ವಾಪಸಾದ. ದಾರಿಯುದ್ದಕ್ಕೂ ಆ ಜಡೆ ಅವನ ಹೆಲ್ಮೆಟ್ಟಿಗೆ ಟಕಟಕ ಬಡಿಯುತ್ತಿದ್ದುದನ್ನು ಹಿಂದಿನಿಂದ ನೋಡಿ ನನಗಾದ ಖುಷಿಯನ್ನು ಯಾಕೆ ಮುಚ್ಚಿಡಲಿ.

ಕೀಯ ಮಾತು ಮತ್ತೆ ಬರಲಿಲ್ಲ. ಅತ್ತೆ ಕಾಯಿಲೆ ಬೀಳುವವರೆಗೂ ಓಡಿಸಿದರು. ಆಸ್ಪತ್ರೆಯಲ್ಲಿ ಕೊನೆಯ ಸಲ ಸಿಕ್ಕಾಗ ದಿಂಬಿನಡಿಯಿಂದ ಕೀ ತೆಗೆದು ನನ್ನ ಕೈಗಿಟ್ಟರು. "ಪ್ರಸಾದ ಮಾರಿಬಿಡ್ತಾನೆ. ನೀನು ಓಡ್ಸು."

ಅಸ್ಥಿ ತರಲು ನೀಲಿ ಕಾರಿನಲ್ಲೇ ಹೋದೆವು. ವಾಪಸು ಹೊರಡುವಾಗ ಪ್ರಸಾದ ಅಸ್ಥಿಯ ಮಡಕೆಯನ್ನು ಹಿಂದಿನ ಸೀಟಿನಲ್ಲಿ, ಅನಿಕಾಳ ಪಕ್ಕದಲ್ಲಿಟ್ಟು ಮುಂದಿನ ಬಾಗಿಲಿಗೆ ಕೈ ಹಾಕಿದ. ಅನಿಕಾ ಮಡಕೆಯನ್ನು ಎತ್ತಿಕೊಂಡು ಕೆಳಗಿಳಿದಳು.

"ಡ್ಯಾಡ್, ಯು ಸಿಟ್ ಇನ್ ದ ಬ್ಯಾಕ್. ಅಜ್ಜಿಗೆ ದಾರಿ ಕಾಣುದಿಲ್ಲ."

ಪ್ರಸಾದ ಹಿಂದೆ ಹೋಗಿ ಕೂತ. ಅವಳು ಮಡಕೆಯನ್ನು ಮುಂದಿಟ್ಟು ಬೆಲ್ಟು ಬಿಗಿದಳು. ಕಣ್ಣು ಒರೆಸಿಕೊಂಡು ನಾನು ಕಾರು ಹೊರಡಿಸಿದೆ.